ವಾರಂಟಿ ಮಾವನ ಟೈರ್ ಪರೀಕ್ಷೆ

ಬೀದಿಯವರೆಲ್ಲ ವಾರಂಟಿ ಮಾವ ಎಂದು ಕರೆಯುವ ಲಾರಿ ಮಾಲೀಕನಿಗೆ ಟೈರ್ ಕೊಳ್ಳುವಾಗ ಅಳಿಯನನ್ನು ಹುಡುಕುವಷ್ಟೇ ಗುಮಾನಿ. ಟೈರಿನ ಗೆರೆಗಳೊಳಗೆ ಹೆಬ್ಬೆರಳು ತೂರಿಸಿ ಆಳ ನೋಡುತ್ತಾನೆ, ಬಗ್ಗಿ ಮೂಸುತ್ತಾನೆ, ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಡುತ್ತಾನೆ; ಏನು ಕೇಳಿಸಿತೆಂದು ಮಾತ್ರ ಯಾರಿಗೂ ಹೇಳುವುದಿಲ್ಲ. ಆಮೇಲೆ ವಾರಂಟಿ ಚೀಟಿ ತರಿಸಿ, ಕನ್ನಡಕ ಏರಿಸಿ, ಇರುವೆ ಸಾಲಿನಂಥ ಅಕ್ಷರಗಳನ್ನು ಗಟ್ಟಿಯಾಗಿ ಓದುತ್ತಾನೆ. "ಕಲ್ಲು ಚುಚ್ಚಿ ಹರಿದ್ರೆ ವಾರಂಟಿ ಇಲ್ಲ ಅಂತಿದೆ. ಹಾಗಾದ್ರೆ ಇದನ್ನ ರಸ್ತೆ ಮೇಲೆ ಓಡಿಸ್ಬಾರ್ದಾ?" ಎಂದು ಕೇಳಿದರೆ ಅಂಗಡಿಯವನು ಚಹಾ ತರಿಸುತ್ತಾನೆ. ಪಕ್ಕದಂಗಡಿಯಲ್ಲಿ ವಾರಂಟಿ ಆರು ತಿಂಗಳು ಹೆಚ್ಚು ಎಂದು ಇಲ್ಲಿ ಹೇಳುತ್ತಾನೆ, ಇಲ್ಲಿ ಗಾಳಿ ಪುಕ್ಕಟೆ ಎಂದು ಅಲ್ಲಿ ಹೇಳುತ್ತಾನೆ, ಎರಡೂ ಕಡೆ ಚಹಾ ಕುಡಿಯುತ್ತಾನೆ. ಅವನ ತಲೆ ಕಂಡರೆ ಸಾಕು, ಬೀದಿಯ ನಾಲ್ಕೂ ಟೈರ್ ಅಂಗಡಿಯವರು ಸುಮ್ಮನೆ ಫೋನು ಕಿವಿಗಿಟ್ಟುಕೊಳ್ಳುತ್ತಾರೆ. ಈ ಸಲ ಪರೀಕ್ಷೆಗೆ ಹೊಸದೊಂದು ಸೇರಿತು. ನಾಲ್ಕೂ ಚೀಟಿಗಳಲ್ಲಿ 'ಎಲ್ಲಿದ್ದರೂ ಬರುತ್ತೇವೆ' ಎಂದು ಒಂದೊಂದು ನಂಬರಿತ್ತು. ಮಾವ ಊರಾಚೆಯ ತಿರುವಿಗೆ ನಡೆದು ಹೋಗಿ, ಒಂದೊಂದಕ್ಕೂ ಫೋನು ಮಾಡಿ, "ಟೈರ್ ಒಡೆದು ಲಾರಿ ನಿಂತ್ಬಿಟ್ಟಿದೆ" ಎಂದು ನರಳಿ, ಮೈಲಿಗಲ್ಲಿನ ಮೇಲೆ ಗಡಿಯಾರ ಹಿಡಿದು ಕೂತ. ಮೂರು ಅಂಗಡಿಯವರು ಬರಲೇ ಇಲ್ಲ. ನಾಲ್ಕನೆಯದರ ಮೆಕ್ಯಾನಿಕ್ ಇಪ್ಪತ್ತೇ ನಿಮಿಷಕ್ಕೆ ಜಾಕ್ ಹೊತ್ತು ಬಂದು, ಖಾಲಿ ರಸ್ತೆ ನೋಡಿ, "ಎಲ್ರೀ ಲಾರಿ?" ಎಂದು ಕಣ್ಣು ಕೆಂಪಗೆ ಮಾಡಿದ. ಮಾವ ಗಡಿಯಾರ ಜೇಬಿಗೆ ಹಾಕಿದ. "ಲಾರಿ ನಾಳೆ ಹೊರಡತ್ತಪ್ಪ. ನನ್ ಮಗಳು ಓಡಿಸ್ತಾಳೆ, ಮೊದಲ್ನೇ ಸಲ, ಒಬ್ಳೇ. ಅವಳು ಕರೆದ್ರೆ ಯಾರು ಬರ್ತಾರೆ ಅಂತ ನೋಡ್ದೆ."