ಎಲ್ಲ ಸೀರೆಗೂ ಒಂದೇ ಹೆಸರಿಟ್ಟ ನಿಶಾತ

ಬೆಟಗೇರಿಯ ಓಣಿಯಲ್ಲಿ ಮಗ್ಗದ ಸದ್ದು ಇನ್ನೂ ಎದ್ದಿಲ್ಲ. ನಿಶಾತ ಸೀರೆಯೊಂದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಾಳೆ. ಕಂಪ್ಯೂಟರಿನ ಮುಂದೆ ಕೂತು ಟೈಪ್ ಮಾಡುತ್ತಾಳೆ: 'ಗಿಳಿಹಸಿರು ಒಡಲು, ಕೆಂಪು ಸೆರಗು.' ಆಮೇಲೆ ಕಣ್ಣು ಮುಚ್ಚಿ, ಮೊಬೈಲ್ ಅದನ್ನು ಓದಿ ಹೇಳುವುದನ್ನು ಕೇಳುತ್ತಾಳೆ. ಸರಿಬರದಿದ್ದರೆ ಅಳಿಸಿ ಮತ್ತೆ ಬರೆಯುತ್ತಾಳೆ.

ನೇಕಾರರ ಸಂಘವೊಂದರ ಜಾಲತಾಣ ಕಟ್ಟುವುದು ಆಕೆಯ ಕೆಲಸ. ತಾಯಿ ಜನ್ನತಬಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿ ಸಾಕಿದ ಮಗಳಿಗೆ ಸೀರೆಯ ಬಣ್ಣ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಮೊದಲ ಸಲ ಪುಟ ಕಟ್ಟಿದಾಗ ಬೇಸರವೇ ಅಡ್ಡ ಬಂತು ನೋಡಿ! ಪುಟ ಕಟ್ಟುವ ತಂತ್ರಾಂಶ ಪ್ರತಿ ಫೋಟೊಗೂ ವಿವರ ಕೇಳುತ್ತದೆ. ಕಣ್ಣು ಕಾಣದವರಿಗೆ ಮೊಬೈಲ್ ಓದುವುದು ಅದನ್ನೇ. ಖಾಲಿ ಬಿಟ್ಟರೆ ಕೆಂಪು ಗುರುತು. ಆ ಕಾಟ ತಪ್ಪಲೆಂದು ನಿಶಾತ ಎಲ್ಲದಕ್ಕೂ 'ಕೈಮಗ್ಗದ ಸೀರೆ' ಎಂದು ಅಂಟಿಸಿ ಕೈತೊಳೆದುಕೊಂಡಳು. ಯಂತ್ರಕ್ಕೇನು ಗೊತ್ತು, ಖಾಲಿ ಜಾಗ ತುಂಬಿದರೆ ಅದಕ್ಕೆ ಸಮಾಧಾನ. ಸಂಘದವರು ಶಹಬ್ಬಾಸ್ ಅಂದರು.

ಮುಂಡರಗಿಯ ತುಳಸಾಬಾಯಿಗೆ ಕಣ್ಣು ಕಾಣದು. ಬಸುರಿ ಮಗಳು ಹರಿಪ್ರಿಯಾಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹಸಿರು ಸೀರೆಯನ್ನು ಯಾರ ಹಂಗೂ ಇಲ್ಲದೆ ತಾನೇ ಆರಿಸಬೇಕೆಂಬುದು ಅವರ ಹಟ. ಮೊಬೈಲಿನಲ್ಲಿ 'ಕುಬಸದ ಹಸಿರು ಸೀರೆ' ಎಂಬ ತಲೆಬರಹ ಕೇಳಿಸಿತು. ಅದರ ಬೆನ್ನಿಗೇ ಬಂದ 'ಕೈಮಗ್ಗದ ಸೀರೆ'ಯನ್ನು ತರಿಸಿದರು. ನೋಡುವವರಿಗೆ ತಲೆಬರಹದ ಕೆಳಗೆ ಹಸಿರು ಸೀರೆಯೇ ಕಾಣುತ್ತಿತ್ತು. ಪುಟದ ಓದುವ ಸರದಿ ತಪ್ಪಿದ್ದರಿಂದ ಮೊಬೈಲ್ ಓದಿದ್ದು ಪಕ್ಕದ ಕಪ್ಪು ಸೀರೆಯನ್ನು.

ಮಗಳ ಕೈಗೆ ತಾನೇ ಕೊಡಬೇಕೆಂದು ಅವರು ಪೊಟ್ಟಣ ಯಾರಿಗೂ ತೋರಿಸಿರಲಿಲ್ಲ. ಕುಬಸದ ದಿನ ಬೀಗರ ಎದುರೇ ಬಿಚ್ಚಿದರೆ ಕಪ್ಪು ಸೀರೆ. ಶುಭಕ್ಕೆ ಕಪ್ಪು ಸಲ್ಲದೆಂದು ಮುತ್ತೈದೆಯರು ಅದನ್ನು ಪಕ್ಕಕ್ಕಿಟ್ಟರು.

ಮರುದಿನ ತುಳಸಾಬಾಯಿಯೇ ನಿಶಾತಳಿಗೆ ಫೋನ್ ಮಾಡಿದರು. "ಬೈದಿದ್ರ ಚಲೋ ಇತ್ರಿ," ಎನ್ನುತ್ತಾಳೆ ನಿಶಾತ, ತಲೆ ಎತ್ತದೆ. "'ನಾನಽ ಸರಿ ಕೇಳಿಸ್ಕೊಳ್ಳಲಿಲ್ಲ ಕಾಣಸ್ತದವಾ' ಅಂದ್ರು. ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು."

ಮುಖ ತೋರಿಸಲು ಧೈರ್ಯ ಬರುವಷ್ಟರಲ್ಲಿ ತಿಂಗಳುಗಳೇ ಉರುಳಿದವು. ಕೊನೆಗೆ ಹಸಿರು ಸೀರೆ ಹಿಡಿದು ಮುಂಡರಗಿ ಬಸ್ ಹತ್ತಿದಳು. ತಪ್ಪು ತನ್ನದೆಂದು ಒಪ್ಪಿಕೊಂಡಳು. ತುಳಸಾಬಾಯಿ ಚಹಾ ಕೊಟ್ಟರು, ಸೀರೆಯ ಮೇಲೆ ಕೈಯಾಡಿಸಿದರು. "ಕೂಸು ಹುಟ್ಟೇದವಾ. ಇದರ ಹೊತ್ತು ಮುಗೀತು," ಎಂದು ಮಡಚಿ ವಾಪಸು ಕೊಟ್ಟರು.

ಆ ನಾಚಿಕೆ ಇಂದಿಗೂ ಇಳಿದಿಲ್ಲ. ಪುಟವನ್ನೆಲ್ಲ ಹೊಸದಾಗಿ ಕಟ್ಟಿದ್ದಾಳೆ. ಒಂದೊಂದು ಸೀರೆಗೂ ಅದರದೇ ಮಾತು, ಓದುವ ಸರದಿಯೂ ಸರಿಯಾಗಿದೆ. ಈ ತಪ್ಪನ್ನು ಮುಚ್ಚಿಟ್ಟು ತನ್ನನ್ನು ಹೊಗಳಿ ಬರೆಯಬಾರದೆಂದು ನಮಗೆ ತಾಕೀತು ಮಾಡುತ್ತಾಳೆ. ತುಳಸಾಬಾಯಿ ಆಮೇಲೆ ಏನನ್ನೂ ತರಿಸಿಲ್ಲ.

ಆಸೆ ಏನೆಂದು ಕೇಳಿದರೆ ಕೈಯಲ್ಲಿದ್ದ ಸೀರೆ ಮಡಚುತ್ತ ಹೇಳುತ್ತಾಳೆ:

"ಅವರು ಇನ್ನೊಂದ್ಸಲ ಸೀರಿ ಆರಿಸಬೇಕ್ರಿ. ಯಾವ ಬಣ್ಣ ಐತಿ ಅಂತ ನನ್ನ ಕೇಳದಽ."