ಅರೆಮಾರಿ ಬಾಗಿಲು ತೆಗೆದದ್ದು

ಬಳಗಾನೂರಿನ ಗ್ಯಾನಮ್ಮ ಭತ್ತದ ನಾಟಿಗೆ ಹೋದರೆ ಸಾಲಿನ ನಡುವೆಯೇ ನಿಲ್ಲುತ್ತಿದ್ದಳು. ಕಥೆ ಹೇಳುವವಳು ನಡುವೆ ನಿಂತರೆ ಎರಡೂ ತುದಿಯವರಿಗೆ ದನಿ ಮುಟ್ಟುತ್ತದೆ, ಅದಕ್ಕೆ. ಆ ಜಾಗಕ್ಕೆ ಬೇರೆ ಸುಖಗಳೂ ಇದ್ದವು. ಸಸಿಯ ಕಟ್ಟು ಮೊದಲು ಅವಳ ಕೈಗೇ ಬರುತ್ತಿತ್ತು. ಮಾತಿನ ಭರದಲ್ಲಿ ಅವಳ ಕೈ ಹಿಂದೆ ಬಿದ್ದರೆ ಅಕ್ಕಪಕ್ಕದವರು ಅವಳ ಪಾಲಿನ ಸಸಿಯನ್ನೂ ಊರಿ ಸಾಲು ಸರಿಮಾಡುತ್ತಿದ್ದರು.

ಕಥೆಯನ್ನು ಗದ್ದೆಯ ಅಳತೆಗೆ ಎಳೆಯುವುದು ಅವಳಿಗೆ ಬರುತ್ತಿತ್ತು. ದೊಡ್ಡ ಮಡಿಯಾದರೆ ರಾಜನ ಮಗ ಎರಡು ಸಲ ದಾರಿ ತಪ್ಪುತ್ತಿದ್ದ. ಸಣ್ಣ ಮಡಿಯಾದರೆ ನೆಟ್ಟಗೆ ಮನೆ ಸೇರುತ್ತಿದ್ದ. ಕಡೆಯ ಸಸಿ ಊರುವ ಹೊತ್ತಿಗೆ ಕಥೆಯೂ ಬದುವಿಗೆ ಬಂದು ನಿಲ್ಲುತ್ತಿತ್ತು. ಗಂಡ ಗಾಳೆಪ್ಪ ಕುರಿ ಕಾಯುವವನು, ವರ್ಷದ ಮುಕ್ಕಾಲು ಪಾಲು ಊರಲ್ಲೇ ಇರುತ್ತಿರಲಿಲ್ಲ. ಮಗಳು ಯಮನೂರಮ್ಮ ಮದುವೆಯಾಗಿ ಗಣಿಯೂರು ಹಟ್ಟಿಗೆ ಹೋಗಿದ್ದಳು. ಮನೆಯಲ್ಲಿ ಗ್ಯಾನಮ್ಮನ ಮಾತು ಕೇಳಲು ಗೋಡೆ ಬಿಟ್ಟರೆ ಯಾರೂ ಇರಲಿಲ್ಲ. ಕೇಳುವವರೆಲ್ಲ ಆ ಕೆಸರಿನಲ್ಲೇ ಇದ್ದರು.

ಹುಸೇನ್‌ಬೀಯನ್ನು ಆ ಕೆಸರಿಗೆ ಕರೆತಂದವಳೂ ಗ್ಯಾನಮ್ಮನೇ. ಹುಸೇನ್‌ಬೀ ಮಸ್ಕಿಯವಳು. ಗಂಡನ ಜೊತೆ ಕೆಲವು ವರ್ಷ ಹೈದರಾಬಾದಿನಲ್ಲಿದ್ದು, ಅವನು ತೀರಿಕೊಂಡ ಮೇಲೆ ಬಳಗಾನೂರಿನ ಅಕ್ಕನ ಮನೆ ಸೇರಿದ್ದಳು. ಗದ್ದೆಗೆ ಇಳಿದವಳೇ ಅಲ್ಲ. ಮೊದಲ ದಿನ ಅವಳು ಊರಿದ ಸಸಿಗಳೆಲ್ಲ ನೀರಿನ ಮೇಲೆ ತೇಲಿದವು. ಹೆಂಗಸರು ನಕ್ಕರು. ಗ್ಯಾನಮ್ಮ ನಗಲಿಲ್ಲ. ತನ್ನ ಪಕ್ಕದಲ್ಲೇ ನಿಲ್ಲಿಸಿಕೊಂಡು, ಅವಳ ಬೆರಳ ಮೇಲೆ ತನ್ನ ಬೆರಳಿಟ್ಟು, ಬೇರು ಮಡಚದ ಹಾಗೆ ಊರುವುದನ್ನು ಕಲಿಸಿದಳು. ಬುತ್ತಿಯಲ್ಲಿ ರೊಟ್ಟಿ ಹಂಚಿಕೊಂಡಳು. "ನನ್ನ ತಂಗಿ ಇದ್ದಂಗ" ಎಂದು ನಾಲ್ಕು ಜನರೆದುರು ಹೇಳಿದಳು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಆಂಧ್ರದಿಂದ ಬಂದು ನೆಲೆ ನಿಂತವರ ಕ್ಯಾಂಪಿನಲ್ಲಿ ಧಣಿಯ ಮನೆಗೆ ಟಿವಿ ಬಂತು. ಆದಿತ್ಯವಾರ ಮುಂಜಾನೆ ಕೂಲಿಯವರೂ ಪಡಸಾಲೆಯಲ್ಲಿ ಕೂತು ನೋಡಬಹುದಿತ್ತು. ಆಗ ಬರುತ್ತಿದ್ದುದು ಬರೆದ ಚಿತ್ರಗಳೇ ನಡೆದಾಡಿ ಮಾತಾಡುವ ಒಂದು ಕಥೆ. ಊರು ಸುಟ್ಟುಹೋದ ಒಂದಿಷ್ಟು ಜನ ಮುಗಿಲಲ್ಲಿ ಹಾರುವ ಹಡಗಿನಲ್ಲಿ ಚುಕ್ಕಿಯಿಂದ ಚುಕ್ಕಿಗೆ ಓಡುತ್ತಿದ್ದರು. ಬೆನ್ನಿಗೆ ವೈರಿ ರಾಜ. ಆ ರಾಜನ ಕಡೆಯಿಂದ ಓಡಿಬಂದು ಇವರ ಹಡಗು ಹತ್ತಿದವನೊಬ್ಬನಿದ್ದ. ಅವನ ಮೈ ಅರ್ಧ ಚರ್ಮ, ಅರ್ಧ ಕಬ್ಬಿಣ, ಮುಖವೂ ಹಾಗೆಯೇ. ಹೆಂಗಸರು ಅವನಿಗೆ ಅರೆಮಾರಿ, ಅರ್ಧ ಮುಖದವ, ಎಂದು ಹೆಸರಿಟ್ಟರು.

ಮಾತೆಲ್ಲ ಹಿಂದಿ. ಹುಸೇನ್‌ಬೀಗೆ ಅದು ನೀರು ಕುಡಿದಷ್ಟು ಸಲೀಸು. ಪಡಸಾಲೆಯಲ್ಲಿ ಅವಳು ಕನ್ನಡದಲ್ಲಿ ಹೇಳುತ್ತ ಹೋಗುವಳು, ಸೋಮವಾರ ಗದ್ದೆಯಲ್ಲಿ ನೋಡದವರಿಗಾಗಿ ಮತ್ತೊಮ್ಮೆ ಹೇಳುವಳು. ಆಮೇಲೆ ವಾರವೆಲ್ಲ ಒಂದೇ ವಾದ.

"ಕಬ್ಬಿಣದ ಕಡಿ ಕಣ್ಣು ನೋಡಬೇ. ಇವತ್ತಲ್ಲ ನಾಳಿ ಕೈ ಕೊಡತಾನ ಅವ."

"ಚರ್ಮದ ಕಡಿನೂ ನೋಡು ಮತ್ತ. ನಿನ್ನ ಗಂಡನಕಿಂತ ಚಂದ ಅದಾನ."

"ನನ್ನ ಗಂಡಂದು ಎರಡೂ ಕಡಿ ಕಬ್ಬಿಣಬೇ."

ಒಂದು ಸೋಮವಾರ ಪಾರ್ವತೆಮ್ಮ ಎಂಬವಳು ತುದಿಯಿಂದ ಕೂಗಿದಳು. "ಗ್ಯಾನಕ್ಕ, ಒಂಚೂರು ಸರಿಬೇ. ಹುಸೇನ್‌ಬೀ ನಡುವ ಬರಲಿ. ನಮಗ ಏನೂ ಕೇಳಸವಲ್ದು."

"ಬರಲೇಳು. ಗದ್ದಿ ಏನು ನಮ್ಮಪ್ಪಂದೇನು" ಎಂದಳು ಗ್ಯಾನಮ್ಮ.

"ಹಂಗಲ್ಲಕ್ಕ, ನಾ ಇಲ್ಲಿಂದನ ಹೇಳತೀನಿ" ಎಂದಳು ಹುಸೇನ್‌ಬೀ. ಬಾಯಿ ಹಾಗೆ ಹೇಳಿತು, ಕಾಲು ನಡುವಿಗೇ ಬಂತು. ಗ್ಯಾನಮ್ಮ ಆ ಕಾಲನ್ನೇ ನೋಡಿದಳು.

ತಾನೇ ಸರಿದು ತುದಿಗೆ ಹೋಗಿ ನಿಂತ ಮೇಲೆ ಗ್ಯಾನಮ್ಮನಿಗೆ ಕಥೆ ಅರ್ಧಂಬರ್ಧ ಕೇಳುತ್ತಿತ್ತು. ನಗು ಮಾತ್ರ ಪೂರಾ ಕೇಳುತ್ತಿತ್ತು. ಯಾತಕ್ಕೆ ನಕ್ಕರೆಂದು ಪಕ್ಕದವಳನ್ನು ಕೇಳಲು ಬಾಯಿ ಬರುತ್ತಿರಲಿಲ್ಲ. ತಾನು ಕಲಿಸಿದ ಬೆರಳುಗಳು ನಡುವೆ ಚುರುಕಾಗಿ ಸಸಿ ಊರುವುದನ್ನು ತುದಿಯಿಂದಲೇ ನೋಡುತ್ತಿದ್ದಳು. ರೊಟ್ಟಿ ಹಂಚುವುದು ನಿಂತಿತು. "ಹೈದ್ರಾಬಾದದಾಕಿ, ಅಕಿಗೆ ನಮ್ಮ ಜ್ವಾಳದ ರೊಟ್ಟಿ ಎಲ್ಲಿ ಸೇರತೈತಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಬುತ್ತಿ ಕಟ್ಟಿಬಿಟ್ಟಳು.

ಆ ಮಳೆಗಾಲದಲ್ಲೇ ಮೊಮ್ಮಗಳಿಗೆ ಜ್ವರವೆಂದು ಹಟ್ಟಿಗೆ ಹೋಗಬೇಕಾಯಿತು. ಅಳಿಯ ಚಿನ್ನದ ಗಣಿಗೆ ಪಾಳಿಯ ಮೇಲೆ ಇಳಿಯುವವನು, ಕಂಪನಿಯ ಮನೆ. ಆದಿತ್ಯವಾರದ ಹೊತ್ತಿಗೆ ಕೂಸಿನ ಜ್ವರ ಬಿಟ್ಟಿತ್ತು. ಪಕ್ಕದ ಮನೆಯ ಟಿವಿಯಲ್ಲಿ ಅದೇ ಕಥೆ. ಗ್ಯಾನಮ್ಮ ಬಾಗಿಲಲ್ಲೇ ನಿಂತು ನೋಡಿದಳು. ವೈರಿಯ ಹಡಗು ಬಂದು ಇವರ ಹಡಗಿಗೆ ಅಂಟಿಕೊಂಡಿತು. ಅರೆಮಾರಿ ಬಾಗಿಲ ಬಳಿ ಹೋದ, ತಿರುಗಿ ತನ್ನವರ ಕಡೆ ನೋಡಿ ಏನೋ ಅಂದ, ಕಬ್ಬಿಣದ ಕೈಯಿಂದ ಅಗಳಿ ಎಳೆದ. ವೈರಿಗಳು ಒಳಗೆ ನುಗ್ಗಿದರು.

ಅವನು ಏನಂದ ಎಂದು ಆ ಮನೆಯವರನ್ನು ಕೇಳಬಹುದಿತ್ತು. ಕೇಳಲಿಲ್ಲ. ಅವಳ ಮನಸ್ಸು ಆಗಲೇ ಬಸ್ಸು ಹತ್ತಿತ್ತು. ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿ, ಮಸ್ಕಿ ದಾಟಿ ಸಂಜೆಗೆ ಊರಿಗೆ ಬಂದು ಕೊಡ ಹಿಡಿದು ಹೋದಾಗ ನೀರಿನ ಕಟ್ಟೆಯಲ್ಲಿ ಪಾರ್ವತೆಮ್ಮ ಸಿಕ್ಕಳು. "ಮುಂಜಾನಿಂದ ಕರೆಂಟ್ ಇಲ್ಲಬೇ. ಅರೆಮಾರಿ ಏನಾದನೋ ಏನೋ, ಯಾರೂ ನೋಡಲಿಲ್ಲ." ಗ್ಯಾನಮ್ಮ ಕೊಡ ತುಂಬಿಕೊಂಡು ಮನೆ ಕಡೆ ನಡೆದಳು. ಅಂದು ಕೊಡ ಹಗುರವಾಗಿತ್ತು.

ಸೋಮವಾರ ಅವಳು ಯಾರೂ ಕರೆಯದೆ ನಡುವೆ ಹೋಗಿ ನಿಂತಳು.

"ಬಾಗಲಾ ತೆಗೆದ."

"ಯಾರಬೇ?"

"ನಿಮ್ಮ ಅರೆಮಾರಿ. ವೈರಿಗೆ ಹಡಗಿನ ಬಾಗಲಾ ತೆಗೆದ. ನಾ ಹಟ್ಟ್ಯಾಗ ಕಣ್ಣಾರೆ ನೋಡೀನಿ. ಅಲ್ಲಿ ಕರೆಂಟ್ ಹೋಗಿರಲಿಲ್ಲ."

ಸಾಲು ನಿಂತೇಬಿಟ್ಟಿತು. ಗ್ಯಾನಮ್ಮ ಹಿಂದೆಂದೂ ಅಷ್ಟು ಚೆನ್ನಾಗಿ ಹೇಳಿರಲಿಲ್ಲ. ಅರೆಮಾರಿಯ ಬಾಯಲ್ಲಿ ಮಾತಿಗೊಮ್ಮೆ "ಹಂಗಲ್ಲಕ್ಕ" ಎನಿಸಿದಳು. ಅವನು ಹುಸೇನ್‌ಬೀಯ ಹಾಗೆ ತಲೆ ಓರೆ ಮಾಡಿದ, ಹುಸೇನ್‌ಬೀಯ ಹಾಗೆ ಸೆರಗಿನ ತುದಿಯಿಂದ ಮೂಗೊರೆಸಿಕೊಂಡ. ಕಬ್ಬಿಣದ ಮನುಷ್ಯನಿಗೆ ಸೆರಗು ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ಮೊದಲು ಒಬ್ಬಳು ನಕ್ಕಳು, ಆಮೇಲೆ ಎಲ್ಲರೂ.

ಹುಸೇನ್‌ಬೀ ಬಗ್ಗಿದವಳು ಎದ್ದು ನಿಂತಳು. "ಬಾಗಲಾ ತೆಗಿಯಾಕ ಮುಂಚೆ ಅವ ಏನಂದ, ಅಕ್ಕ?"

ಗ್ಯಾನಮ್ಮ ಅವಳ ಕಣ್ಣಲ್ಲಿ ಕಣ್ಣಿಟ್ಟಳು. "‘ನಿಮ್ಮ ಕೂಳು ಉಂಡೆ, ಇನ್ನ ನಿಮ್ಮ ಜಾಗಾನೂ ನಂದು’ ಅಂದ."

"ಹಿಂದಿಯೊಳಗ ಹಂಗ ಅಂದನೇನು?"

"ಯಾಕ, ಹಿಂದಿ ನಿನಗೊಬ್ಬಾಕಿಗೆ ಬರತೈತೇನು?"

ಯಾರೂ ನಗಲಿಲ್ಲ. ಹುಸೇನ್‌ಬೀ ತನ್ನ ಸಸಿಕಟ್ಟು ಎತ್ತಿಕೊಂಡು ತುದಿಗೆ ಹೋದಳು.

ಮುಂದಿನ ಆದಿತ್ಯವಾರ ಕರೆಂಟ್ ಇತ್ತು. ಕಥೆ ಶುರುವಾಗುವ ಮುಂಚೆ ಹಿಂದಿನ ವಾರದ್ದನ್ನು ಸ್ವಲ್ಪ ತೋರಿಸುತ್ತಾರೆಂಬುದು ಗ್ಯಾನಮ್ಮನಿಗೆ ಮರೆತೇಹೋಗಿತ್ತು. ಪಡಸಾಲೆಯ ಹಿಂದುಗಡೆ ಕೂತವಳಿಗೆ ಟಿವಿಯಲ್ಲಿ ಅರೆಮಾರಿ ಬಾಗಿಲ ಬಳಿ ನಡೆಯುವುದು ಕಂಡಿತು. ಅವನು ತಿರುಗಿ ನಿಂತು ಆ ಮಾತು ಅಂದ. ಎಲ್ಲರ ಮುಖ ಹುಸೇನ್‌ಬೀಯ ಕಡೆ ತಿರುಗಿತು.

"ಏನಂದನಬೇ?"

ಹುಸೇನ್‌ಬೀ ಹಿಂದಕ್ಕೆ ತಿರುಗಲಿಲ್ಲ. "ಗ್ಯಾನಕ್ಕ ಹೇಳಿದ್ಲಲ್ಲ, ಅದ."

"ಮತ್ತ ಅವನ ಕಣ್ಣಾಗ ನೀರು ಯಾಕ?" ಎಂದಳು ಪಾರ್ವತೆಮ್ಮ.

"ಹಡಗಿನಾಗ ಹೊಗಿ ಐತಿ."

ಗ್ಯಾನಮ್ಮನಿಗೆ ಜೀವ ಬಂತು, ಮರುಗಳಿಗೆಯೇ ಹೋಯಿತು. ಹುಸೇನ್‌ಬೀ ಸುಳ್ಳು ಹಿಡಿದಿದ್ದರೆ ಕುತ್ತಿಗೆ ನರ ಉಬ್ಬಿಸಿ ಜಗಳವಾಡಬಹುದಿತ್ತು. ಎಲ್ಲರೆದುರು ಗ್ಯಾನಮ್ಮನನ್ನು ಕಾಪಾಡಿ, ಆ ಮಾತನ್ನು ಹುಸೇನ್‌ಬೀ ತನ್ನೊಬ್ಬಳ ಹತ್ತಿರ ಇಟ್ಟುಕೊಂಡಳು. ನಡುವಿನ ಜಾಗ ತನಗೆ ಸಿಕ್ಕಿತು, ಮಾತು ಅವಳಿಗೆ ಸಿಕ್ಕಿತು. ಗ್ಯಾನಮ್ಮನಿಗೆ ಈಗ ಆ ಮಾತು ಬೇಕಾಯಿತು.

ಮರುದಿನ ನಾಟಿ ಮುಗಿಸಿ ಕಾಲುವೆಯಲ್ಲಿ ಕಾಲು ತೊಳೆಯುವಾಗ ಕೇಳಿಯೇಬಿಟ್ಟಳು. "ಖರೇನ ಏನಂದ ಅವ?"

"ನೀನ ಹೇಳೀಯಲ್ಲಕ್ಕ."

"ಗೇಲಿ ಮಾಡಬ್ಯಾಡ. ಹೇಳು, ನಾಳಿಂದ ನಡುವ ನೀನ ನಿಲ್ಲು."

"ನನಗ ನಡುವ ಬ್ಯಾಡ" ಎಂದು ಹುಸೇನ್‌ಬೀ ಸೀರೆಯ ಅಂಚು ಹಿಂಡಿಕೊಂಡು ದಂಡೆ ಹತ್ತಿದಳು. ಮುಂದಿನ ನಾಟಿಗೆ ಅವಳು ಸಾಲಗುಂದ ಊರಿನ ಹೆಂಗಸರ ಗುಂಪು ಸೇರಿದ್ದಳು. ಆ ಮೇಲೆ ಗ್ಯಾನಮ್ಮನೇ ನಡುವೆ ನಿಂತಳು. ಯಾರಾದರೂ ಅರೆಮಾರಿಯ ಕಥೆ ಹೇಳೆಂದರೆ ಮಾತ್ರ ಬೇರೆ ಕಥೆ ಹಿಡಿಯುತ್ತಿದ್ದಳು.

ಎರಡು ವರ್ಷ ಕಳೆದು, ಸಿಂಧನೂರಿನ ಸಂತೆಯಲ್ಲಿ ಸಾಲಗುಂದದ ಪಕೀರಮ್ಮ ಭೇಟಿಯಾದಳು. ಗ್ಯಾನಮ್ಮ ಅವಳ ಮಕ್ಕಳನ್ನು ವಿಚಾರಿಸಿದಳು, ಎಮ್ಮೆಯನ್ನು ವಿಚಾರಿಸಿದಳು, ಕಡೆಗೆ ಕೇಳಿದಳು. "ಹುಸೇನ್‌ಬೀ ಕಥಿ ಹೇಳತಾಳೇನು?"

"ಹೇಳತಾಳ. ಅರೆಮಾರಿ ಕಥಿ ಹೇಳಿದ್ರ ನಮಗ ಅಳು ಬರತೈತಿ ನೋಡು. ವೈರಿ ರಾಜ ದೂರದಿಂದನ ಅವನ ಕಬ್ಬಿಣ ಆಡಸತಿರತಾನ. ‘ಕೈ ನನ್ನ ಮಾತು ಕೇಳವಲ್ದು, ನೀವು ಓಡ್ರಿ’ ಅಂತಾನ, ಬಾಗಲಾ ತೆಗೀತಾನ."

ಗ್ಯಾನಮ್ಮ ಈರುಳ್ಳಿ ಆರಿಸತೊಡಗಿದಳು. ತನಗೆ ಬೇಡಿದರೂ ಸಿಗದ ಮಾತು ಸಾಲಗುಂದದ ಗದ್ದೆಯಲ್ಲೆಲ್ಲ ಚೆಲ್ಲಿಹೋಗಿತ್ತು.

"ನಡುವ ನಿಂತು ಹೇಳತಾಳೇನು?"

"ಎಲ್ಲಿ ನಡುವಬೇ. ಕರದ್ರೂ ಬರಂಗಿಲ್ಲ, ತುದಿಗೇ ನಿಲ್ಲತಾಳ. ನಾವ ಅಕಿ ಕಡಿ ಸರಕೊಂತ ಹೋಗತೀವಿ. ಸಾಲು ಸೊಟ್ಟ ಆಗತೈತಿ, ಧಣಿ ಬೈತಾನ."

"ಸಾಲು ಸೊಟ್ಟ ಆದ್ರ ಭತ್ತ ಕೆಡತೈತಿ" ಎಂದಳು ಗ್ಯಾನಮ್ಮ.

"ಏನೂ ಕೆಟ್ಟಿಲ್ಲ" ಎಂದಳು ಪಕೀರಮ್ಮ.