ಅವರ ಹೆಸರಿನಲ್ಲಿ ನಾನು ಬರೆದ ತಪ್ಪೊಪ್ಪಿಗೆ

ದೆಹಲಿಗೆ ಹೋದ ಮೊದಲ ವರ್ಷ ನನಗೆ ಊಟ ಹಾಕಿದ ಮನೆ ಅದು. ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸು, ಎರಡು ಕೋಣೆ, ಬಾಲ್ಕನಿಯಲ್ಲಿ ಒಂದು ಕರಿಬೇವಿನ ಕುಂಡ. ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದು ಹೋದರೆ ಮಧ್ಯಾಹ್ನ ಸಾರು, ಪಲ್ಯ ಉಂಡು, ಚಾಪೆಯ ಮೇಲೆ ಒಂದು ಗಳಿಗೆ ಮಲಗಿ ಬರುತ್ತಿದ್ದೆ. ಮನೆಯ ಯಜಮಾನರು ನಮ್ಮ ಸಂಸ್ಥೆಯಲ್ಲೇ ಗುಮಾಸ್ತರು. ಹಾಸನದ ಕಡೆಯವರು. ಮೂವತ್ತು ವರ್ಷ ಕಡತ ಹೊತ್ತ ಮೇಲೆ ಅವರನ್ನು ಕಂಪ್ಯೂಟರ್ ಕೋಣೆಗೆ ಹಾಕಿದ್ದರು. ಆ ಕೋಣೆಯ ಉಸ್ತುವಾರಿ ನನ್ನದು. ನನಗೆ ಇಪ್ಪತ್ತಾರು, ಅವರಿಗೆ ಐವತ್ತೆಂಟು. ನಾನು ಅವರನ್ನು ಸರ್ ಅನ್ನುತ್ತಿದ್ದೆ, ಅವರು ನನ್ನನ್ನು ಏನಪ್ಪಾ ಅನ್ನುತ್ತಿದ್ದರು.

ವಸಂತ್ ಕುಂಜ್ ಹತ್ತಿರದ ಆ ಸಂಸ್ಥೆಯಲ್ಲಿ ಹರಿಯಾಣದ ಹಳ್ಳಿಗಳ ಬಾವಿ ನೀರಿನ ಲೆಕ್ಕ ಇಡುತ್ತಿದ್ದರು. ಯಾವ ಬಾವಿಯಲ್ಲಿ ಯಾವ ತಿಂಗಳು ನೀರು ಎಷ್ಟು ಆಳಕ್ಕಿತ್ತು ಎಂಬುದೆಲ್ಲ ಒಂದು ಯುನಿಕ್ಸ್ ಸರ್ವರಿನಲ್ಲಿ ಕೂತಿತ್ತು. ಪ್ರತಿ ಸಂಜೆ ಐದೂಕಾಲಿಗೆ ಅದರದೊಂದು ನಕಲು ಟೇಪಿಗೆ ಹೋಗಬೇಕು. ಆ ದಿನದ ಟೇಪನ್ನು ಡ್ರೈವಿಗೆ ಹಾಕುವುದು, ಮರುದಿನ ತೆಗೆದು ಚೀಟಿಯ ಮೇಲೆ ತಾರೀಖು ಬರೆದು ಬೀರುವಿನಲ್ಲಿಡುವುದು ಅವರ ಕೆಲಸ. ಅವೇ ಟೇಪುಗಳನ್ನು ಸರದಿಯಂತೆ ಮತ್ತೆ ಮತ್ತೆ ಬಳಸುತ್ತಿದ್ದೆವು. ತಾರೀಖನ್ನು ಮದುವೆ ಕಾಗದದ ವಿಳಾಸ ಬರೆಯುವಷ್ಟು ನಾಜೂಕಾಗಿ ಬರೆಯುತ್ತಿದ್ದರು. ಟೇಪು ಹಾಕಿದ ಮೇಲೂ ಹೊರಡುತ್ತಿರಲಿಲ್ಲ. ಬ್ಯಾಕಪ್ ಶುರುವಾಗಿ ಡ್ರೈವಿನ ಹಸಿರು ದೀಪ ಮಿಣುಕುವುದನ್ನು ಕಣ್ಣಾರೆ ನೋಡಿ, ಆಮೇಲೆ ಊಟದ ಡಬ್ಬಿಯ ಚೀಲ ಎತ್ತಿಕೊಂಡು ಬಸ್ಸಿಗೆ ಓಡುತ್ತಿದ್ದರು.

ಆ ಬೇಸಿಗೆಯಲ್ಲಿ ಸರ್ವರಿನ ಸಿಡಿ ಡ್ರೈವ್ ಕೆಟ್ಟಿತು. ಹೊಸದನ್ನು ತಂದು ಕೂರಿಸಿದೆ. ಕೂರಿಸಿದ ಕೂಡಲೇ ಸಿಡಿ ಡ್ರೈವೂ ಕಾಣಲಿಲ್ಲ, ಟೇಪ್ ಡ್ರೈವೂ ಕಾಣಲಿಲ್ಲ. ಎರಡು ದಿನ ಒದ್ದಾಡಿದ ಮೇಲೆ ಕಾರಣ ಹೊಳೆಯಿತು. ಒಂದೇ ಕೇಬಲ್ಲಿಗೆ ಸೇರಿದ ಪ್ರತಿಯೊಂದು ಡ್ರೈವಿಗೂ ಬೇರೆ ಬೇರೆ ನಂಬರು ಇರಬೇಕು. ಹೊಸ ಸಿಡಿ ಡ್ರೈವಿನ ನಂಬರು ಟೇಪಿನದೇ ಆಗಿತ್ತು. ಟೇಪ್ ಡ್ರೈವಿನ ಹಿಂದಿದ್ದ ಚಿಕ್ಕ ಪಿನ್ನನ್ನು ಚಿಮಟದಿಂದ ಕಿತ್ತು ಪಕ್ಕಕ್ಕೆ ಚುಚ್ಚಿ ಅದಕ್ಕೆ ಬೇರೆ ನಂಬರು ಕೊಟ್ಟೆ. ಸರ್ವರನ್ನು ಮತ್ತೆ ಶುರು ಮಾಡಿದರೆ ಎರಡೂ ಕಂಡವು. ನಂಬರು ಬದಲಾದದ್ದರಿಂದ ಟೇಪ್ ಡ್ರೈವಿಗೆ ಸರ್ವರು ಹೊಸ ಹೆಸರು ಕೊಟ್ಟಿತ್ತು. ಹಳೆಯ ಹೆಸರು ಇನ್ನು ಯಾತಕ್ಕೆ ಎಂದು ಅದನ್ನು ಅಳಿಸಿ ಹಾಕಿದೆ. ಕೆಲಸ ಚೊಕ್ಕಟವಾಗಿ ಮುಗಿಯಿತೆಂದು ಕ್ಯಾಂಟೀನಿಗೆ ಹೋಗಿ ಚಹಾ ಕುಡಿದೆ.

ದಿನವೂ ತಾನಾಗಿ ನಡೆಯುವ ಬ್ಯಾಕಪ್ಪಿನ ಆದೇಶದಲ್ಲಿ ಆ ಹಳೆಯ ಹೆಸರೇ ಇತ್ತು. ಅದನ್ನು ಬದಲಾಯಿಸುವುದು ಮರೆತೆ.

ಒಂದು ವಾರ ಕಳೆದಿರಬೇಕು. ಸಂಜೆ ಅವರು ನನ್ನ ಮೇಜಿನ ಬಳಿ ಬಂದು ನಿಂತರು.

"ಏನಪ್ಪಾ, ಈಗೀಗ ದೀಪ ಮಿಣುಕ್ತಾನೇ ಇಲ್ಲವಲ್ಲ?"

"ಸ್ಕ್ರೀನಿನಲ್ಲಿ ಮುಗೀತು ಅಂತ ಬರ್ತಿದೆಯಾ ಸರ್?"

"ಬರ್ತಿದೆ. ಆದರೆ ದೀಪ..."

"ಹಾಗಾದರೆ ಸರಿಯಾಗಿದೆ ಸರ್. ಕೇಬಲ್ ಬಿಚ್ಚಿ ಹಾಕಿದ್ದೀನಲ್ಲ, ದೀಪಕ್ಕೆ ಏನೋ ಆಗಿರಬೇಕು."

ಎದ್ದು ಹತ್ತು ಹೆಜ್ಜೆ ನಡೆದು ನೋಡಲಿಲ್ಲ. ದೀಪ ನೋಡಿ ಯುನಿಕ್ಸ್ ತಿಳಿಯುವವರು ಇವರು ಎಂದು ಒಳಗೊಳಗೇ ನಕ್ಕದ್ದೂ ನೆನಪಿದೆ. ಅವರು ಇನ್ನೊಂದು ಸಲವೂ ಹೇಳಿದರು. ಆಮೇಲೆ ಹೇಳಲಿಲ್ಲ.

ನಾಲ್ಕು ತಿಂಗಳ ನಂತರ ಒಂದು ಸೋಮವಾರ ಸರ್ವರಿನ ದತ್ತಾಂಶವಿದ್ದ ಡಿಸ್ಕು ಸತ್ತಿತು. ಗಾಬರಿಯಾಗಲಿಲ್ಲ, ಟೇಪುಗಳಿವೆಯಲ್ಲ. ಬೀರುವಿನಿಂದ ಹಿಂದಿನ ಶುಕ್ರವಾರದ ಟೇಪು ತೆಗೆದು ಹಾಕಿದೆ. ಅದರಲ್ಲಿದ್ದದ್ದು ಬೇಸಿಗೆಯ ದತ್ತಾಂಶ. ಗುರುವಾರದ್ದು ಹಾಕಿದೆ, ಅದೂ ಬೇಸಿಗೆಯದೇ. ಚೀಟಿಯ ಮೇಲೆ ಹೊಸ ತಾರೀಖು, ಒಳಗೆ ಹಳೆಯದು. ಎಲ್ಲ ಟೇಪೂ ಹಾಗೇ.

ಮರುದಿನ ನಿರ್ದೇಶಕರ ಕೋಣೆಯಲ್ಲಿ ಸಭೆ. ನಾಲ್ಕು ತಿಂಗಳು ಹಳ್ಳಿ ಹಳ್ಳಿ ಸುತ್ತಿ ಬಾವಿ ಅಳೆದ ಸಂಶೋಧಕಿ ಕಣ್ಣು ಒರೆಸಿಕೊಳ್ಳುತ್ತ ಕೂತಿದ್ದರು. ನಿರ್ದೇಶಕರು ನನ್ನನ್ನು ಹಿಂದಿಯಲ್ಲಿ ಕೇಳಿದರು. "ಟೇಪ್ ಹಾಕೋದು ಯಾರು?"

ಅವರ ಹೆಸರು ಹೇಳಿದೆ.

"ತಾರೀಖು ಬರೆಯೋದು?"

"ಅವರೇ."

"ಅಚ್ಛಾ. ಅಂದರೆ ಟೇಪ್ ಹಾಕದೆ ತಾರೀಖು ಮಾತ್ರ ಬರೆದಿದ್ದಾರೆ."

ಹೌದು ಅನ್ನಲಿಲ್ಲ. ಇಲ್ಲ ಅಂತಲೂ ಅನ್ನಲಿಲ್ಲ. ಆ ಹೊತ್ತಿಗೆ ನನಗೂ ನಿಜ ಗೊತ್ತಿರಲಿಲ್ಲ, ಆದರೆ ಅವರು ಅಂಥವರಲ್ಲ ಎಂಬುದು ಗೊತ್ತಿತ್ತು. ಅಷ್ಟನ್ನಾದರೂ ಹೇಳಬಹುದಿತ್ತು. ಬುಧವಾರ ಅವರ ಕೈಗೆ ಮೆಮೊ ಬಂತು. ಸುಳ್ಳು ತಾರೀಖು ನಮೂದಿಸಿದ್ದಕ್ಕೆ ಲಿಖಿತ ವಿವರಣೆ ಕೊಡಬೇಕು ಎಂದು.

ಗುರುವಾರ ಬೆಳಿಗ್ಗೆ, ಉಳಿದ ಇನ್ನೊಂದು ಡಿಸ್ಕು ಯಾಕೆ ಇಷ್ಟು ತುಂಬಿದೆ ಎಂದು ಹುಡುಕುತ್ತ ಹೋದೆ. ಯುನಿಕ್ಸಿನಲ್ಲಿ ಎಲ್ಲ ಡ್ರೈವುಗಳ ಹೆಸರಿರುವ ಒಂದು ಜಾಗವಿದೆ. ಅಲ್ಲಿ, ನಾನು ಅಳಿಸಿದ್ದ ಹಳೆಯ ಹೆಸರಿನಲ್ಲೇ, ಭಾರೀ ಗಾತ್ರದ ಒಂದು ಮಾಮೂಲಿ ಫೈಲು ಕೂತಿತ್ತು. ಆ ಹೆಸರಿನ ಡ್ರೈವ್ ಇಲ್ಲದಿದ್ದರೆ ಯುನಿಕ್ಸ್ ದೂರುವುದಿಲ್ಲ, ಅದೇ ಹೆಸರಿನಲ್ಲಿ ಫೈಲು ಮಾಡಿಕೊಂಡು ಅದಕ್ಕೇ ಬರೆಯುತ್ತದೆ. ನಾಲ್ಕು ತಿಂಗಳು ಪ್ರತಿ ಸಂಜೆ ಅದನ್ನೇ ಮಾಡಿತ್ತು. ಅವರು ಹಾಕಿದ ಟೇಪು ಡ್ರೈವಿನಲ್ಲಿ ಸುಮ್ಮನೆ ಕೂತು, ಮರುದಿನ ಹಾಗೇ ಹೊರಗೆ ಬಂದಿತ್ತು.

ಫೈಲು ತೆರೆದೆ. ಶುಕ್ರವಾರದ ಸಂಜೆಯವರೆಗಿನ ಎಲ್ಲವೂ ಇತ್ತು, ಒಂದು ಬಾವಿಯೂ ಬಿಡದೆ. ಮಧ್ಯಾಹ್ನದೊಳಗೆ ಎಲ್ಲವನ್ನೂ ಹೊಸ ಡಿಸ್ಕಿಗೆ ಹಾಕಿದೆ. ಬ್ಯಾಕಪ್ಪಿನ ಆದೇಶದಲ್ಲಿ ಹೆಸರನ್ನು ಸರಿಪಡಿಸಿದೆ. ಆಮೇಲೆ ಆ ಫೈಲನ್ನು ಅಳಿಸಿದೆ. ಜಾಗ ಬೇಕಿತ್ತು ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಜಾಗಕ್ಕಾಗಿ ಅಳಿಸಿದ್ದಲ್ಲ.

"ಸರ್ವರಿನೊಳಗೇ ಒಂದು ಪ್ರತಿ ಉಳಿದಿತ್ತು, ಹುಡುಕಿ ತೆಗೆದೆ" ಎಂದು ನಿರ್ದೇಶಕರಿಗೆ ಹೇಳಿದೆ. ಪ್ರತಿ ಹೇಗೆ ಉಳಿಯಿತು ಎಂದು ಅವರು ಕೇಳಲಿಲ್ಲ. "ಶಾಬಾಶ್!" ಅಂದರು. ಎಲ್ಲರನ್ನೂ ಸಭಾಂಗಣಕ್ಕೆ ಕರೆಸಿ ನನ್ನ ಬೆನ್ನು ತಟ್ಟಿದರು. ಸಂಶೋಧಕಿ ಎರಡೂ ಕೈಯಲ್ಲಿ ನನ್ನ ಕೈ ಹಿಡಿದುಕೊಂಡರು. ಹಿಂದಿನ ಸಾಲಿನಲ್ಲಿ ಬಾಗಿಲ ಪಕ್ಕ ನಮ್ಮ ಗುಮಾಸ್ತರು ನಿಂತಿದ್ದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು.

ದತ್ತಾಂಶ ಸಿಕ್ಕಿತಲ್ಲ, ಇನ್ನು ಮೆಮೊ ತಾನಾಗಿ ಕರಗುತ್ತದೆ ಎಂದುಕೊಂಡಿದ್ದೆ. ಕರಗಲಿಲ್ಲ. ಶುಕ್ರವಾರ ಅವರು ಮೆಮೊ ಹಿಡಿದುಕೊಂಡು ನನ್ನ ಹತ್ತಿರವೇ ಬಂದರು.

"ಉತ್ತರ ನೀನೇ ಬರೆದುಕೊಡಪ್ಪ. ನಿನ್ನ ಇಂಗ್ಲಿಷು ಚೆನ್ನಾಗಿದೆ."

"ಏನಂತ ಬರೀಲಿ ಸರ್?"

ಕುರ್ಚಿ ಎಳೆದುಕೊಂಡು ಕೂತರು. "ನಾನು ದಿನಾ ಹಾಕಿದೀನಿ ಅಂತಲೇ ನನ್ನ ನೆನಪು. ಆದರೆ ಟೇಪಿನಲ್ಲಿ ಇಲ್ಲ ಅಂದಮೇಲೆ ಏನು ಹೇಳೋದು? ಕೆಲವು ಸಲ ಪೂರ್ತಿ ಒಳಗೆ ತಳ್ಳಿರಲಿಲ್ಲವೋ ಏನೋ. ಈ ವಯಸ್ಸಿಗೆ ಕೈಯೂ ಸರಿಯಿಲ್ಲ." ತಗ್ಗಿದ ದನಿಯಲ್ಲಿ ಹೇಳಿದರು, "ದೀಪದ ವಿಷಯ ನಿನಗೆ ಹೇಳಿದ್ದೆನಲ್ಲ, ಅದನ್ನ ಬರೀಬೇಕಾ? ಬೇಡ ಬಿಡು. ಸುಮ್ಮನೆ ನಿನ್ನ ತಲೆ ಮೇಲೆ ಬರುತ್ತೆ. ನನಗಿನ್ನು ಒಂದು ವರ್ಷದ ಸರ್ವಿಸು."

ನಾನು ಬರೆದೆ. ಅಜಾಗರೂಕತೆಯಿಂದ ಆದ ತಪ್ಪು, ಕ್ಷಮಿಸಬೇಕು, ಮುಂದೆ ಹೀಗಾಗದು. ಒಳ್ಳೆಯ ಇಂಗ್ಲಿಷಿನಲ್ಲೇ ಬರೆದೆ. ಅವರು ಕನ್ನಡಕ ಏರಿಸಿ ಎರಡು ಸಲ ಓದಿ, ಕೆಳಗೆ ತಮ್ಮ ಆ ಚಂದದ ಅಕ್ಷರದಲ್ಲಿ ಸಹಿ ಹಾಕಿ, "ಥ್ಯಾಂಕ್ಸಪ್ಪ" ಅಂದರು.

ಮುಂದಿನ ತಿಂಗಳು ಅವರನ್ನು ಟಪಾಲು ವಿಭಾಗಕ್ಕೆ ಕಳಿಸಿದರು. ಊಟಕ್ಕೆ ಬಾ ಎಂದು ಕರೆಯುವುದನ್ನು ಅವರು ನಿಲ್ಲಿಸಲಿಲ್ಲ. ಮಾನೇಸರ್‌ಗೆ ಕೆಲಸದ ಮೇಲೆ ಹೋಗಬೇಕು, ಜ್ವರ, ಬಟ್ಟೆ ಒಗೆಯಬೇಕು ಎಂದು ಏನೇನೋ ನೆಪ ಹೇಳಿದೆ. ಕ್ಯಾಂಟೀನಿನಲ್ಲಿ ಅವರು ಕಂಡರೆ ಚಹಾ ಬಿಟ್ಟು ಎದ್ದು ಹೋಗುತ್ತಿದ್ದೆ. ಹೀಗೆಯೇ ವರ್ಷ ಕಳೆಯಿತು. ಅವರು ನಿವೃತ್ತರಾದರು. ಕ್ವಾರ್ಟರ್ಸ್ ಖಾಲಿ ಮಾಡುತ್ತಿದ್ದಾರೆಂದು ಕೇಳಿದಾಗ, ಇನ್ನು ಹೇಳದಿದ್ದರೆ ಎಂದೆಂದಿಗೂ ಹೇಳಲಾರೆ ಎನಿಸಿ ಒಂದು ಭಾನುವಾರ ಹೋದೆ.

ಹಜಾರದಲ್ಲಿ ಪಾತ್ರೆಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದರು. "ಬಾರಪ್ಪ ಬಾ, ದಾರಿ ತಪ್ಪಿ ಬಂದೆಯಾ?" ಎಂದು ನಕ್ಕರು. ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ. ಪಿನ್ನು, ಹೆಸರು, ಫೈಲು, ಅಳಿಸಿದ್ದು, ಆಮೇಲೆ ಪತ್ರ ಬರೆದದ್ದು.

ಅವರು ಬಹಳ ಹೊತ್ತು ಕೈಯಲ್ಲಿದ್ದ ಲೋಟವನ್ನು ಬಟ್ಟೆಯಲ್ಲಿ ಸುತ್ತುತ್ತಲೇ ಇದ್ದರು. ಕೊನೆಗೆ ಕೇಳಿದರು. "ಹಾಗಾದರೆ ನಾನು ಟೇಪು ಸರಿಯಾಗೇ ಹಾಕಿದ್ದೆನಾ?"

"ಹೌದು ಸರ್. ಒಂದು ದಿನವೂ ತಪ್ಪಿರಲಿಲ್ಲ."

ಅಡುಗೆಮನೆಯ ಕಡೆ ತಿರುಗಿ ಕೂಗಿದರು, "ಕೇಳಿಸಿಕೊಂಡೆಯಾ? ಟೇಪು ಸರಿಯಾಗೇ ಹಾಕಿದ್ದೆನಂತೆ!"

ಅವರ ಹೆಂಡತಿ ಬಾಗಿಲಿಗೆ ಬಂದರು. "ಒಂದು ವರ್ಷದಿಂದ ಗ್ಯಾಸ್ ಆರಿಸಿದ್ದೀನಾ, ಬೀಗ ಹಾಕಿದ್ದೀನಾ ಅಂತ ಮೂರು ಮೂರು ಸಲ ಎದ್ದು ಹೋಗಿ ನೋಡ್ತಾರೆ ಇವರು," ಅಂದರು. ಆಮೇಲೆ ನನ್ನನ್ನೇ ನೋಡಿ, "ನಿನಗೆ ಯಾವಾಗ ಗೊತ್ತಾಯ್ತು?"

"ಅದೇ ವಾರ, ಆಂಟಿ."

ಅವರು ಒಳಗೆ ಹೋದರು. ಆ ಮನೆಯಲ್ಲಿ ನನಗೆ ನೀರು ಕೂಡ ಕೊಡದ ದಿನ ಅದೊಂದೇ.

ಯಜಮಾನರು ಒಂದು ಹಾಳೆ, ಪೆನ್ನು ತಂದರು. "ಇದನ್ನೇ ಬರೆದುಕೊಡು. ಆಫೀಸಿಗಲ್ಲ, ಮಗಳಿಗೆ ತೋರಿಸೋಕೆ. ನನ್ನದೇ ತಪ್ಪು ಅಂತ ಅವಳೂ ನಂಬಿಬಿಟ್ಟಿದ್ದಾಳೆ. ಇಂಗ್ಲಿಷಿನಲ್ಲೇ ಬರಿ, ಅವಳಿಗೆ ಕನ್ನಡ ಓದೋಕೆ ಬರಲ್ಲ."

ನೆಲದ ಮೇಲೆ ಕೂತು ಬರೆದೆ. ಕಾಲೇಜು ಓದುವ ಮಗಳು ಒಳಗಿನಿಂದ ಬಂದು ನಿಂತುಕೊಂಡೇ ಓದಿದಳು. ಓದಿ ನಾಲ್ಕಾಗಿ ಮಡಿಸಿದಳು.

"ಭೈಯಾ, ಇತನೀ ಸೀ ಬಾತ್, ಇಷ್ಟು ಸಣ್ಣ ಮಾತು ಹೇಳೋಕೆ ಒಂದು ವರ್ಷ ಬೇಕಾಯ್ತಾ?"

ಸೋಮವಾರ ನಿರ್ದೇಶಕರಿಗೂ ಅದನ್ನೇ ಬರೆದು ಕೊಟ್ಟೆ. "ಪುರಾನಿ ಬಾತ್ ಹೈ, ಹಳೆಯ ಮಾತು, ಬಿಡಿ" ಎಂದರು. ಬಿಡಲಿಲ್ಲ. ಕಾಗದ ಗುಮಾಸ್ತರ ಕಡತಕ್ಕೆ ಸೇರಲೇಬೇಕು ಎಂದು ಎದುರಿಗೇ ನಿಂತೆ. ಸೇರಿತು. ಅಷ್ಟರಲ್ಲಿ ಅವರು ಊರಿಗೆ ಹೋಗುವ ರೈಲು ಹತ್ತಿಯಾಗಿತ್ತು. ಸ್ಟೇಷನ್ನಿಗೆ ಹೋಗಿ ಪೆಟ್ಟಿಗೆ ಎತ್ತಿ ಕೊಡಬೇಕೆಂದುಕೊಂಡಿದ್ದೆ. ಹೋಗಲು ಮುಖವಿರಲಿಲ್ಲ.